ಸೊಳ್ಳೆ ಎಂದು ಹೇಳಿಕೊಂಡ ಮಳೆಗಾಲ

ಕಳೆದ ಬೇಸಿಗೆಯಲ್ಲಿ ಹೊನ್ನಾಳಿಗೆ ಒಂದು ಮದುವೆಗೆ ಹೋಗಿದ್ದೆ. ಯಾವ ಕಲ್ಯಾಣ ಮಂಟಪ ಎಂದು ಹೇಳುವುದು ಧರ್ಮವಲ್ಲ; ಉಂಡ ಜಾಗ. ಪಂಕ್ತಿ ಏಳುವುದನ್ನು ಕಾಯುತ್ತಾ ಮೂಲೆಯ ಹಳೆಯ ಮೆತ್ತೆಯ ಕುರ್ಚಿಯಲ್ಲಿ ಕುಳಿತಿದ್ದಾಗ ತೊಡೆಯ ಹಿಂಭಾಗದಲ್ಲಿ ಚುರುಕ್ ಎಂದಿತು. ಕೈಹಾಕಿದೆ, ಬೆರಳ ತುದಿಗೆ ಏನೋ ಸಿಕ್ಕಿತು, ಉಜ್ಜಿದೆ, ಮೂಸಿ ನೋಡಿದೆ. ಅರವತ್ತು ದಾಟಿದ ಮನುಷ್ಯ ತುಂಬಿದ ಮದುವೆ ಮನೆಯಲ್ಲಿ ತನ್ನ ಬೆರಳು ಮೂಸಿಕೊಳ್ಳುವುದು ಶೋಭೆ ತರುವ ಕೆಲಸವಲ್ಲವೆಂದು ನನಗೂ ಗೊತ್ತು. ಆದರೆ ಆ ವಾಸನೆ ಇದೆಯಲ್ಲ, ಕೊತ್ತಂಬರಿ ಸೊಪ್ಪನ್ನು ತುಕ್ಕು ಹಿಡಿದ ಡಬ್ಬಿಯಲ್ಲಿ ಮುಚ್ಚಿಟ್ಟು ಮರೆತಂತೆ, ಒಮ್ಮೆ ಅದರ ಜೊತೆ ಸಂಸಾರ ಮಾಡಿದವನು ಅದನ್ನು ಮರೆಯಲಾರ.

ಪಕ್ಕದಲ್ಲಿ ಕುಳಿತವರು, "ಏನಾಯ್ತು ಸಾರ್?" ಎಂದರು.

"ಸೊಳ್ಳೆ," ಎಂದೆ.

ಹೇಳಿದ ಮೇಲೆ ನನಗೇ ನಗು ಬಂತು. ಈ ಉತ್ತರವನ್ನು ನಾನು ಕಲಿತದ್ದು ನ್ಯಾಮತಿಯಲ್ಲಿ, ಒಂದು ಮಳೆಗಾಲದಲ್ಲಿ, ಶಾಂತಮ್ಮನವರ ಮನೆಯ ಮಹಡಿಯ ಕೋಣೆಯಲ್ಲಿ.

ನಾನು ಪಶುವೈದ್ಯ ಇಲಾಖೆಯಲ್ಲಿ ಪರೀಕ್ಷಕನಾಗಿದ್ದವನು. ದನಕರುಗಳಿಗೆ ಸೂಜಿ ಹಾಕುವುದು, ಕುರಿಗೆ ಜಂತುಹುಳುವಿನ ಔಷಧಿ ಕುಡಿಸುವುದು, ಇಂಥವು ನನ್ನ ಕೆಲಸ. ಜನ ನನ್ನನ್ನು ಡಾಕ್ಟ್ರೇ ಎನ್ನುತ್ತಿದ್ದರು. ನಾನು ತಿದ್ದಲಿಲ್ಲ, ದನಗಳೂ ಆಕ್ಷೇಪ ಎತ್ತಲಿಲ್ಲ. ಬಹಳ ವರ್ಷ ಜಗಳೂರಿನ ಕಡೆ ಇದ್ದು, ನ್ಯಾಮತಿ ತಾಲ್ಲೂಕು ಕೇಂದ್ರವಾದ ಹೊಸತರಲ್ಲಿ ಅಲ್ಲಿಗೆ ವರ್ಗವಾಗಿ ಬಂದೆ. ಮಗಳ ಓದು ಚನ್ನಗಿರಿಯಲ್ಲಿ ನಡೆದಿತ್ತು. ಹೆಂಡತಿ, ಮಗಳು ಅಲ್ಲಿಯ ನಮ್ಮ ಸ್ವಂತ ಮನೆಯಲ್ಲಿ ಉಳಿದರು. ನಾನೊಬ್ಬನೇ ಒಂದು ಹಾಸಿಗೆ ಸುರುಳಿ, ಒಂದು ಸ್ಟೌ, ಒಂದು ಕೊಡೆಯ ಸಮೇತ ನ್ಯಾಮತಿಗೆ ಬಂದಿಳಿದೆ. ಊರಿಗೆ ಹೊಸದಾಗಿ ದೊಡ್ಡಸ್ತಿಕೆ ಬಂದಿತ್ತು. ಕಚೇರಿಗಳು ಬರುತ್ತಿದ್ದವು, ಅವುಗಳ ಹಿಂದೆ ನನ್ನಂಥ ಬಾಡಿಗೆದಾರರು ಬರುತ್ತಿದ್ದರು, ಖಾಲಿ ಕೋಣೆ ಸಿಗುವುದು ಮದುವೆಗೆ ಹೆಣ್ಣು ಸಿಗುವಷ್ಟೇ ಕಷ್ಟವಾಗಿತ್ತು.

ಹೆಣ್ಣಿನ ಮಾತು ಸುಮ್ಮನೆ ಎತ್ತಲಿಲ್ಲ. ನನಗೆ ಕೋಣೆ ಕೊಟ್ಟ ಶಾಂತಮ್ಮ ವಿಧವೆ. ಅವರಿಗೆ ಒಬ್ಬನೇ ಮಗ, ಮಂಜುನಾಥ. ಪೇಟೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಊರ ಹೊರಗೆ ಒಂದಿಷ್ಟು ಮೆಕ್ಕೆಜೋಳದ ಹೊಲ. ಮಾತು ಕಡಿಮೆ, ಕುಡಿತವಿಲ್ಲ, ಬೆರಳುಗಳಲ್ಲಿ ಸದಾ ವಾರ್ನಿಷ್ ವಾಸನೆ. ಸುತ್ತಲಿನ ಸೀಮೆಯ ಸುಟ್ಟ ಪಂಪ್‌ಸೆಟ್‌ಗಳೆಲ್ಲ ಅವನ ಕೈಯಲ್ಲಿ ಮರುಹುಟ್ಟು ಪಡೆಯುತ್ತಿದ್ದವು. ಆದರೆ ಹೆಣ್ಣಿನ ಕಡೆಯವರು ಬರುವುದು, ಕಾಫಿ ಕುಡಿಯುವುದು, "ಹುಡುಗಂಗೆ ಗೌರ್ಮೆಂಟ್ ಕೆಲ್ಸ ಏನಾದ್ರೂ..." ಎಂದು ಅರ್ಧಕ್ಕೆ ನಿಲ್ಲಿಸಿ ಗೋಡೆ ನೋಡುವುದು, ಎದ್ದು ಹೋಗುವುದು. ಹೀಗೇ ಮೂವತ್ತು ದಾಟಿ ಮುಂದೆ ಹೋಗಿದ್ದ ಹುಡುಗ. ಶಾಂತಮ್ಮ ಪೂಜೆಯ ಹೊತ್ತಿನಲ್ಲಿ ದೇವರ ಹತ್ತಿರ ಮಾತಾಡುತ್ತಿದ್ದುದೆಲ್ಲ ಇದೊಂದೇ ವಿಷಯ, ಮಹಡಿಯವರೆಗೂ ಕೇಳುತ್ತಿತ್ತು.

ಮೊದಲ ರಾತ್ರಿ ದೀಪ ಆರಿಸಿ ಮಲಗಿದ ಸ್ವಲ್ಪ ಹೊತ್ತಿಗೆ ಬೆನ್ನಿನಲ್ಲಿ ಒಂದು ಕಡಿತ. ಆಮೇಲೆ ಕುತ್ತಿಗೆ, ಆಮೇಲೆ ಸೊಂಟ. ದೀಪ ಹಾಕಿದರೆ ಏನೂ ಇಲ್ಲ. ಹಾಸಿಗೆ ಸಾಧುವಿನಂತೆ ಬಿದ್ದಿದೆ. ಆರಿಸಿದರೆ ಮತ್ತೆ ಶುರು. ಜಗಳೂರಿನಲ್ಲಿ ನಾನು ವರ್ಷದ ಬಹುಪಾಲು ಮಾಳಿಗೆಯ ಮೇಲೆ ಆಕಾಶ ನೋಡಿಕೊಂಡು ಮಲಗುತ್ತಿದ್ದವನು. ಅಲ್ಲಿ ಕಚ್ಚುವಂಥದ್ದು ಏನಾದರೂ ಇದ್ದರೆ ಅದು ಬೆಳಗಿನ ಜಾವದ ಚಳಿ. ಇಲ್ಲಿ ಬೆಳಗಾಗುವಷ್ಟರಲ್ಲಿ ನನ್ನ ಬೆನ್ನು ತಾಲ್ಲೂಕಿನ ನಕ್ಷೆಯಾಗಿತ್ತು.

ಬೆಳಿಗ್ಗೆ ನೀರಿಗೆಂದು ಕೆಳಗೆ ಬಂದಾಗ ಶಾಂತಮ್ಮ ನನ್ನ ಕುತ್ತಿಗೆಯನ್ನು ನೋಡಿದರು. ನೋಡಿದ್ದನ್ನು ನಾನೂ ನೋಡಿದೆ.

"ರಾತ್ರಿ ಏನೋ ಕಚ್ಚಿದಂಗಾಯ್ತು," ಎಂದೆ.

"ಸೊಳ್ಳೆ," ಎಂದರು, ನಾನು ವಾಕ್ಯ ಮುಗಿಸುವ ಮೊದಲೇ. "ಈ ಸಲ ಸೊಳ್ಳೆ ಭಾಳ ಆಗ್ಯಾವೆ ಡಾಕ್ಟ್ರೇ. ಚರಂಡಿ ನೋಡ್ರಿ ಹೆಂಗೈತೆ."

"ಸೊಳ್ಳೆ ಹಾಡಬೇಕಲ್ಲಮ್ಮ. ಇದು ಸದ್ದೇ ಇಲ್ದೆ..."

"ಕೆಲವು ಹಾಡಲ್ಲ," ಎಂದು ಹೇಳಿ ಒಳಗೆ ಹೋದರು.

ಆ ಮಳೆಗಾಲದಲ್ಲಿ ಈ ವಿಷಯವನ್ನು ನಾನು ದೀರ್ಘವಾಗಿ ಚಿಂತಿಸಿದ್ದೇನೆ. ಚಿಂತಿಸಲು ರಾತ್ರಿಯೆಲ್ಲ ಸಮಯವಿತ್ತು. ಸೊಳ್ಳೆ ಸಾರ್ವಜನಿಕ, ತಿಗಣೆ ಖಾಸಗಿ. ಸೊಳ್ಳೆ ಹೊರಗಿನಿಂದ ಬರುತ್ತದೆ. ಅದಕ್ಕೆ ಚರಂಡಿ ಕಾರಣ, ಪಕ್ಕದ ಖಾಲಿ ಸೈಟು ಕಾರಣ, ಸರ್ಕಾರ ಕಾರಣ. ಸೊಳ್ಳೆ ಕಚ್ಚಿದವನು ಚಹಾದಂಗಡಿಯಲ್ಲಿ ಕುಳಿತು ತನ್ನ ಕೈ ತೋರಿಸಬಹುದು, ನಾಲ್ಕು ಜನರ ಸಹಾನುಭೂತಿ ಗಿಟ್ಟಿಸಬಹುದು. ತಿಗಣೆ ಹಾಗಲ್ಲ. ಅದು ಮನೆಯೊಳಗಿನದು, ಮಂಚದೊಳಗಿನದು, ಹೆಂಗಸರ ಅಚ್ಚುಕಟ್ಟಿನ ಮೇಲೆ ಹೊರಿಸುವ ಆರೋಪ. ಅದಕ್ಕೆ ಅರ್ಜಿ ಕೊಡಲು ಕಚೇರಿಯಿಲ್ಲ. ಆದ್ದರಿಂದ ಶಾಂತಮ್ಮನವರ ಮನೆಯಲ್ಲಿ ಆ ಶಬ್ದವನ್ನು ಯಾರೂ ಬಾಯಿಂದ ಆಡುತ್ತಿರಲಿಲ್ಲ. ಮಂಜು ಸಹ ಬೆಳಿಗ್ಗೆ ತೋಳು ಕೆರೆದುಕೊಳ್ಳುತ್ತಾ, "ಏನ್ ಸೊಳ್ಳೆನೋ ಏನೋ," ಎಂದು ಬೈಕ್ ಹತ್ತುತ್ತಿದ್ದ.

ನಾನು ವೃತ್ತಿಯಿಂದ ದನಗಳ ಮೈಯ ಉಣ್ಣೆಹುಳು ಬಿಡಿಸುವವನು. ರೈತರು ಕರುವಿನ ಕಿವಿ ತಿರುಗಿಸಿ ತೋರಿಸಿ, "ಇದಕ್ಕೇನು ಮಾಡಾಣ ಡಾಕ್ಟ್ರೇ?" ಎಂದರೆ ಗಂಭೀರವಾಗಿ ಸಲಹೆ ಕೊಡುತ್ತಿದ್ದೆ. ಕೊಡುತ್ತಾ ಎಡಗೈಯಿಂದ ನನ್ನ ಪಕ್ಕೆ ಕೆರೆದುಕೊಳ್ಳುತ್ತಿದ್ದೆ. ಒಂದು ದಿನ ಮಂಜು ಮೆಲ್ಲಗೆ ಮಹಡಿಗೆ ಬಂದು ಬಾಗಿಲು ಮುಂದೆ ಮಾಡಿ ಕೇಳಿದ:

"ಸಾರ್, ದನಕ್ಕೆ ಹಚ್ಚೋ ಔಷಧಿ ಐತಲ್ಲ, ಅದನ್ನ ಮಂಚಕ್ಕೆ ಹೊಡೆದ್ರೆ ಹೆಂಗೆ? ಈ... ಸೊಳ್ಳೆಗೆ."

"ದನ ಬಯಲಲ್ಲಿ ಗಾಳಿಗೆ ನಿಲ್ತದಪ್ಪ. ನೀನು ಬಾಗಿಲು ಹಾಕ್ಕೊಂಡು ಅದರ ಮೇಲೆ ಮೂಗು ಒತ್ತಿ ಮಲಗ್ತಿ. ಬೆಳಿಗ್ಗೆ ಎರಡೂ ಜಾತಿ ಒಟ್ಟಿಗೇ ಸತ್ತಿರ್ತವೆ."

ಅವನು ತಲೆಯಾಡಿಸಿ ಇಳಿದು ಹೋದ.

ಉಳಿದದ್ದು ಹಳೆಯ ದಾರಿಗಳು. ಲಕ್ಕಿ ಸೊಪ್ಪಿನ ಹೊಗೆ ಹಾಕಿದೆವು. ಕೆಮ್ಮಿದವರು ನಾವು ಮಾತ್ರ. ಗೋಡೆಯ ಬಿರುಕಿಗೆ ಸುಣ್ಣ ಮೆತ್ತಿದೆ, ಮೊಳೆಯ ತೂತು ಮುಚ್ಚಿದೆ, ಕ್ಯಾಲೆಂಡರ್ ತೆಗೆದು ಅದರ ಹಿಂದೆ ನೆಲೆಸಿದ್ದ ಒಂದು ಅವಿಭಕ್ತ ಕುಟುಂಬವನ್ನು ಒಕ್ಕಲೆಬ್ಬಿಸಿದೆ. ನನ್ನ ಕೋಣೆಯ ಮಂಚ ಕಬ್ಬಿಣದ್ದು. ಅದನ್ನು ಗೋಡೆಯಿಂದ ದೂರ ಎಳೆದು, ಕಾಲುಗಳನ್ನು ಖಾಲಿ ಡಬ್ಬಿಗಳಲ್ಲಿ ನಿಲ್ಲಿಸಿ ನೀರು ತುಂಬಿದೆ. ಗುಡ್ಡದ ಮೇಲೆ ಕೋಟೆಯಿರುವ ಚನ್ನಗಿರಿಯವನಾದ ನನಗೆ ಕೋಟೆಯೆಂದರೆ ಮೊದಲಿಂದಲೂ ಅಭಿಮಾನ; ಈಗ ನನ್ನದೇ ಒಂದು ಕಂದಕ ಆಯಿತು. ಒಂದು ವಾರ ನೆಮ್ಮದಿಯಾಗಿ ಮಲಗಿದೆ. ಆಮೇಲೆ ಆ ಕಂದಕದ ನೀರಿನಲ್ಲಿ ಸೊಳ್ಳೆ ಮರಿ ಮಾಡಿತು. ಹೀಗಾಗಿ ಶಾಂತಮ್ಮನವರು ಹೇಳುತ್ತಾ ಬಂದಿದ್ದ ಮಾತು ಕೊನೆಗೂ ನಿಜವಾಯಿತು, ಅದೂ ನನ್ನ ಸ್ವಂತ ಪರಿಶ್ರಮದಿಂದ. ಡಬ್ಬಿಗಳಿಗೆ ಸೋಪಿನ ನೀರು ಹಾಕಲು ಕಲಿತ ಮೇಲೆ ಎರಡೂ ಕಡೆಯ ಯುದ್ಧ ನಿಂತಿತು. ಇಡೀ ಮನೆಯಲ್ಲಿ ಮನುಷ್ಯ ಮಲಗಬಹುದಾದ ಜಾಗವೆಂದರೆ ನನ್ನ ಆ ಮಂಚವೊಂದೇ.

ವಾರದ ಕೊನೆಗೆ ಚನ್ನಗಿರಿಗೆ ಹೋದರೆ ನನ್ನ ಮನೆಗೆ ನನಗೇ ಪ್ರವೇಶವಿರಲಿಲ್ಲ. ಹೆಂಡತಿ ಗೇಟಿನಲ್ಲೇ ತಡೆದು, ಚೀಲ ಹೊರಗಿಡಿಸಿ, ಪಂಚೆ ಕೊಟ್ಟು ಬಚ್ಚಲಿಗೆ ಅಟ್ಟುತ್ತಿದ್ದಳು. ಕಾಲುಬಾಯಿ ಜ್ವರದ ಊರಿಂದ ಬಂದ ಎತ್ತನ್ನು ಸಂತೆಗೆ ಬಿಡದಂತೆ ನಾನೇ ಎಷ್ಟೋ ಸಲ ತಡೆದಿದ್ದೇನೆ. ಆ ಎತ್ತಿನ ಮನಸ್ಸು ನನಗೆ ಅರ್ಥವಾದದ್ದು ಆ ವರ್ಷ.

ಕೆಳಗಿನ ಮನೆಯಲ್ಲಿ ಮುಖ್ಯ ಶತ್ರುಸ್ಥಾನವೆಂದರೆ ಪಡಸಾಲೆಯ ನವಾರು ಮಂಚ. ಶಾಂತಮ್ಮನವರ ತವರಿನದು, ಸಾಗುವಾನಿಯದು, ತಲೆ ಕಡೆ ಕೆತ್ತನೆಯ ಗಿಣಿಗಳು. ಆ ನವಾರಿನ ಒಂದೊಂದು ಮಡಿಕೆಯಲ್ಲೂ ಒಂದೊಂದು ಕೇರಿ. ಅದಕ್ಕೆ ಮದ್ದು ಎಲ್ಲರಿಗೂ ಗೊತ್ತಿರುವುದೇ: ಹೊರಗೆ ಹಾಕಿ ಕುದಿಯುವ ನೀರು ಸುರಿದು, ದಿನವಿಡೀ ಬಿಸಿಲಲ್ಲಿ ಕೆಡವುವುದು. ಆದರೆ ಆ ಮನೆಗೆ ಹಿತ್ತಿಲಿರಲಿಲ್ಲ. ಎರಡೂ ಪಕ್ಕ ಗೋಡೆಗೆ ಗೋಡೆ. ಬಿಸಿಲು ಬೀಳುತ್ತಿದ್ದುದು ಬೀದಿಯಲ್ಲಿ ಮಾತ್ರ. ಬೀದಿಯಲ್ಲಿ ಸಾವಿತ್ರಮ್ಮ ಇದ್ದರು.

ಸಾವಿತ್ರಮ್ಮನವರದು ಎದುರು ಮನೆ. ಜಗುಲಿಯ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಾ ಇಡೀ ಬೀದಿಯ ಆಗುಹೋಗುಗಳನ್ನು ತಮ್ಮ ಸುಪರ್ದಿಯಲ್ಲಿ ಇಟ್ಟುಕೊಂಡವರು. ಯಾರ ಮನೆಗೆ ಯಾವ ಬೀಗರು ಬಂದರು, ಎಷ್ಟು ಹೊತ್ತು ಕುಳಿತರು, ಹೋಗುವಾಗ ಮುಖ ಹೆಂಗಿತ್ತು, ಎಲ್ಲ ಸಂಜೆಯೊಳಗೆ ಸುತ್ತಲಿನ ಹಳ್ಳಿಗಳಿಗೆ ಮುಟ್ಟುತ್ತಿತ್ತು. ಮಳೆ ಬಿಟ್ಟು ಅಪರೂಪಕ್ಕೆ ಬಿಸಿಲು ಬಂದ ದಿನಗಳಲ್ಲಿ ಶಾಂತಮ್ಮ ಬಾಗಿಲಿಗೆ ಬಂದು ಆಕಾಶ ನೋಡುವರು, ಎದುರು ಜಗುಲಿ ನೋಡುವರು, ಒಳಗೆ ಹೋಗುವರು. ಒಮ್ಮೆ ನಾನೇ ಹೇಳಿದೆ:

"ಅಮ್ಮಾ, ಒಳ್ಳೆ ಬಿಸಿಲೈತೆ. ನಾನೂ ಮಂಜುನೂ ಒಂದು ಕಡೆ ಹಿಡ್ಕೊಂಡ್ರೆ ಮಂಚ ಹೊರಗೆ..."

"ಏನಂತ ಹೇಳ್ಲಿ ಡಾಕ್ಟ್ರೇ ಕೇಳಿದ್ರೆ?" ದನಿ ತಗ್ಗಿಸಿ ಅಂದರು. "ನಾಳೆ ಯಾರಾದ್ರೂ ಹೆಣ್ಣಿನ ಕಡೆಯೋರು ಈ ಬೀದಿಲಿ ವಿಚಾರಿಸ್ತಾರೆ. ಅವ್ರ ಮನೆ ಹೆಂಗ್ರಿ ಅಂತಾರೆ. ಅವ್ರ ಮನೇಲಿ ಅದಾವೆ ಅಂತ ಈಕಿ ಹೇಳಿದ್ರೆ ಮುಗೀತು. ಮೊದ್ಲೇ ಅವಂಗೆ ಗೌರ್ಮೆಂಟ್ ಕೆಲ್ಸ ಇಲ್ಲ."

ಗೌರ್ಮೆಂಟ್ ಕೆಲಸವಿದ್ದವನ ಸ್ಥಿತಿಯನ್ನು ತೋರಿಸಿ ಸಮಾಧಾನ ಹೇಳಬೇಕೆನಿಸಿತು. ಬೆನ್ನು ತೋರಿಸುವುದು ಸಭ್ಯವಲ್ಲವೆಂದು ಸುಮ್ಮನಾದೆ.

ಮಳೆ ಜೋರು ಹಿಡಿದ ದಿನಗಳಲ್ಲಿ ತ್ಯಾವಣಿಗೆಯಿಂದ ಒಂದು ಸಂಬಂಧ ಬಂತು. ಹುಡುಗಿ ಸುಮಾ, ಚನ್ನಗಿರಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಾಯಿ ಇರಲಿಲ್ಲ, ಅಜ್ಜಿ ಹಾಲಮ್ಮ, ಸೋದರಮಾವ ರುದ್ರಪ್ಪ ಸಾಕಿ ಬೆಳೆಸಿದ್ದರು. ಹುಡುಗ ಹುಡುಗಿ ನೋಡುವುದು ಚನ್ನಗಿರಿಯಲ್ಲೇ ಆಯಿತು. ಇಬ್ಬರೂ ಮಾತಾಡಿದರು, ಇಬ್ಬರೂ ಬೇಡ ಅನ್ನಲಿಲ್ಲ. ಗೌರ್ಮೆಂಟ್ ಕೆಲಸದ ಪ್ರಶ್ನೆ ಬಂದಾಗ ಆ ಹುಡುಗಿಯೇ, "ಕರೆಂಟಿನ ಕೆಲ್ಸ ಗೊತ್ತಲ್ಲ, ಸಾಕು ಬಿಡು ಮಾವ," ಎಂದಳಂತೆ. ಆ ಒಂದು ಮಾತನ್ನು ಮಂಜು ನನಗೆ ಬೇರೆ ಬೇರೆ ದಿನ ಬೇರೆ ಬೇರೆ ರೀತಿಯಲ್ಲಿ ಹೇಳಿದ.

ಉಳಿದದ್ದು ಹುಡುಗನ ಮನೆ ನೋಡುವ ಶಾಸ್ತ್ರ. ಅಲ್ಲೇ ತೊಡಕು. ಮನೆ ನೋಡುವವರು ಸಾಮಾನ್ಯವಾಗಿ ಮಧ್ಯಾಹ್ನ ಬಂದು, ಸೂರು ನೋಡಿ, ಬಾವಿ ನೋಡಿ, ಸಂಜೆ ಬಸ್ಸಿಗೆ ಹೋಗುತ್ತಾರೆ. ಹಾಲಮ್ಮಜ್ಜಿ ಮಾತ್ರ ಬಂದವಳು ಒಂದು ರಾತ್ರಿ ಹುಡುಗನ ಮನೆಯಲ್ಲಿ ಮಲಗಿ ಎದ್ದೇ ಹೋಗುತ್ತಾಳೆ ಎಂದು ರುದ್ರಪ್ಪ ಫೋನಿನಲ್ಲಿ ತಿಳಿಸಿದರು. "ನಮ್ಮವ್ವನ ಪದ್ಧತಿ ಅದು. ಹಗಲು ಕಂಡಿದ್ದು ಅರ್ಧ ಮನೆ ಅಂತಾಳೆ. ತಪ್ಪು ತಿಳ್ಕಬ್ಯಾಡ್ರಿ."

ಫೋನ್ ಇಟ್ಟ ಶಾಂತಮ್ಮನವರ ಮುಖ ನೋಡಲಾಗಲಿಲ್ಲ. ಬಂದ ಸಂಬಂಧಗಳಲ್ಲೆಲ್ಲ ಇಷ್ಟು ದೂರ ನಡೆದದ್ದು ಇದೊಂದೇ. ಈಗ ಅದು ಪಡಸಾಲೆಯ ಆ ಗಿಣಿ ಮಂಚದ ಮೇಲೆ ಬಂದು ಮಲಗಲಿತ್ತು.

ಮಹಡಿಯಲ್ಲಿ ಸಭೆ ಸೇರಿತು. ಆ ಶಬ್ದ ಉಚ್ಚರಿಸದೆಯೇ ನಾವು ಮೂವರು ಅದರ ಬಗ್ಗೆ ಸಂಪೂರ್ಣ ಚರ್ಚೆ ನಡೆಸಿದೆವು. ಅಜ್ಜಿಯನ್ನು ನನ್ನ ಕಂದಕದ ಮಂಚದ ಮೇಲೆ ಮಲಗಿಸುವುದು, ರುದ್ರಪ್ಪನವರಿಗೂ ಅದೇ ಕೋಣೆಯಲ್ಲಿ ಹೊಸ ಚಾಪೆ ಹಾಸುವುದು, ನಾನು ಬಾಗಿಲ ಹೊರಗೆ ವರಾಂಡದಲ್ಲಿ ಮಲಗುವುದು ಎಂದು ತೀರ್ಮಾನವಾಯಿತು.

"ಸಾವಿತ್ರಕ್ಕ ಬಂದು ಏನಾದ್ರೂ ಅಂದ್ರೆ?" ಎಂದ ಮಂಜು.

"ಬರ್ದೇ ಇರ್ತಾಳಾ," ಎಂದರು ಶಾಂತಮ್ಮ.

ಬಂದರು. ಅಜ್ಜಿ ಮತ್ತು ರುದ್ರಪ್ಪ ಮಧ್ಯಾಹ್ನದ ಬಸ್ಸಿಗೆ ಇಳಿದು ಕಾಲು ತೊಳೆದು ಕುಳಿತು ಸ್ವಲ್ಪ ಹೊತ್ತಾಗಿತ್ತು. ಸಾವಿತ್ರಮ್ಮ ಒಂದು ಬಟ್ಟಲು ಹಿಡಿದು ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಒಳಗೆ ಬಂದು, ನಿಂತು, ಕುಳಿತರು. ಹಾಲಮ್ಮಜ್ಜಿ ಸಣ್ಣ ಆಳು. ಕಣ್ಣು ಅರ್ಧ ಮುಚ್ಚಿದಂತೆ ಇದ್ದರೂ ಅದರೊಳಗಿಂದ ಎಲ್ಲವನ್ನೂ ನೋಡುವವಳು.

"ಈ ಬೀದಿ ಹೆಂಗವ್ವ?" ಎಂದಳು ಅಜ್ಜಿ ನೇರವಾಗಿ.

ಸಾವಿತ್ರಮ್ಮ ಶಾಂತಮ್ಮನವರನ್ನು ನೋಡಿದರು, ಗಿಣಿ ಮಂಚ ನೋಡಿದರು, ಬಟ್ಟಲು ತಿರುಗಿಸಿದರು.

"ಬೀದಿಗೇನಜ್ಜಿ, ಚಿನ್ನದಂಥ ಬೀದಿ," ಎಂದರು. "ಒಂಚೂರು ಸೊಳ್ಳೆ. ಅದು ಬಿಟ್ರೆ ಇನ್ನೇನೂ ಇಲ್ಲ."

ಹೆಪ್ಪು ಮರೆತು ಎದ್ದು ಹೋದರು. ಆಕೆ ಯಾಕೆ ಹಾಗೆ ಹೇಳಿದರೆಂದು ನಮಗೆ ಅರ್ಥವಾಗಲಿಲ್ಲ. ವರ್ಷಗಟ್ಟಲೆಯ ಪಕ್ಷಪಾತವಿಲ್ಲದ ಸುದ್ದಿಗಾರಿಕೆಗೆ ಅಂದು ಮೊದಲ ಸಲ ಮಸಿ ಬಿತ್ತು.

ಊಟವಾಯಿತು. ಮಂಜು ಅಜ್ಜಿಯ ಚೀಲ ಎತ್ತಿಕೊಂಡು, "ಬರ್ರಿ ಅಜ್ಜಿ, ಮೇಲೆ ಹಾಸಿಗೆ ಹಾಸೈತೆ," ಎಂದ. ಅಜ್ಜಿ ಮೆಟ್ಟಿಲ ಬುಡದವರೆಗೆ ಬಂದು ತಲೆಯೆತ್ತಿ ನೋಡಿದಳು.

"ಇದನ್ನ ಹತ್ತಾಕೆ ನನ್ನ ಮಂಡಿ ಒಪ್ಪಲ್ಲ ಕಣಪ್ಪ. ಇಲ್ಲೇ ಚೊಲೋ ಮಂಚ ಐತಲ್ಲ."

"ಅದು ಹಳೇದಜ್ಜಿ, ನವಾರು ಸಡಲ ಆಗೈತೆ," ಎಂದರು ಶಾಂತಮ್ಮ.

"ನಾನೂ ಹಳೇಳೇ," ಎಂದು ಅಜ್ಜಿ ಗಿಣಿಗಳ ಕಡೆ ತಲೆ ಹಾಕಿ ಮಲಗಿಯೇಬಿಟ್ಟಳು. ಮೇಲಿನಿಂದ ಮುಸುಕು ಎಳೆದುಕೊಂಡಳು. ನಮ್ಮ ವ್ಯೂಹ ಅಲ್ಲಿಗೆ ಮುಗಿಯಿತು. ರುದ್ರಪ್ಪನವರು ಮಾತ್ರ ಮಹಡಿಗೆ ಬಂದು ನನ್ನ ಮಂಚ ಹತ್ತಿ, ಇಡೀ ಏರ್ಪಾಡಿನ ಫಲವನ್ನು ಒಬ್ಬರೇ ಅನುಭವಿಸುತ್ತಾ ಗೊರಕೆ ಹೊಡೆದರು.

ನನಗೆ ನಿದ್ದೆ ಹತ್ತಲಿಲ್ಲ. ಮಳೆ ನಿಂತ ಮೇಲೆ ನೀರು ಕುಡಿಯುವ ನೆಪ ಮಾಡಿಕೊಂಡು ಅರ್ಧ ಮೆಟ್ಟಿಲು ಇಳಿದೆ. ಪಡಸಾಲೆಯಲ್ಲಿ ಮೊಬೈಲಿನ ಬೆಳಕು, ಅದರ ಮೇಲೆ ಅಂಗೈ ಮುಚ್ಚಿದ್ದರಿಂದ ಕೆಂಪಾಗಿ, ಸಣ್ಣಗೆ. ತಾಯಿ ಮಂಚದ ತಲೆಯ ಕಡೆ ನೆಲಕ್ಕೆ ಕುಳಿತಿದ್ದರು, ಮಗ ಕಾಲ ಕಡೆ. ನಡುವೆ ಒಂದು ಬಟ್ಟಲು ನೀರು. ಮೋಟರಿನ ಕೂದಲೆಳೆಯ ತಂತಿ ಸುತ್ತುವ ಆ ಬೆರಳುಗಳು ಅಜ್ಜಿಯ ಕಂಬಳಿಯ ಅಂಚಿನಲ್ಲಿ, ನವಾರಿನ ಮಡಿಕೆಯಲ್ಲಿ, ಸದ್ದಿಲ್ಲದೆ ಹೋಗಿ ಬರುತ್ತಿದ್ದವು. ಸಿಕ್ಕಿದ್ದು ನೀರಿಗೆ ಬೀಳುತ್ತಿತ್ತು. ಅಜ್ಜಿ ಹೊರಳಿದರೆ ಬೆಳಕು ಆರುತ್ತಿತ್ತು, ಇಬ್ಬರೂ ಕಲ್ಲಾಗುತ್ತಿದ್ದರು. ಅಜ್ಜಿಯ ಉಸಿರು ಸಮವಾದ ಮೇಲೆ ಮತ್ತೆ ಬೆಳಕು.

"ದಿಂಬಿನ ಕೆಳಗೆ ನೋಡೋ," ಶಾಂತಮ್ಮನ ಪಿಸುಮಾತು. "ಅಲ್ಲೊಂದು ಓಡ್ತು."

"ನೋಡ್ತೀನಿ. ನೀ ಮಲಗವ್ವ ಒಂಚೂರು. ಬೆಳಿಗ್ಗೆ ಅಡಿಗೆ ಮಾಡ್ಬೇಕು ನೀನು."

"ನಿನ್ ಬಾಳೇ ಇಲ್ಲಿ ಮಲಗೈತೆ, ನಾನೇನು ಮಲಗ್ಲಿ. ನನ್ನ ತಪ್ಪು ಕಣೋ. ಹೋದ ವಾರ ಬಿಸಿಲು ಬಂದಾಗ ಹೊರಗೆ ಹಾಕಬೇಕಿತ್ತು ನಾನು. ಮಂದಿಗೆ ಹೆದರಿ..."

"ಆತು ಬಿಡು. ಆಗದಿದ್ರೆ ಆಗಲ್ಲ. ಸೆರಗು ಹೊದ್ಕೋ, ಗಾಳಿ ಬರ್ತೈತೆ."

ನಾನು ನೀರು ಕುಡಿಯದೆಯೇ ಹತ್ತಿ ಹೋದೆ. ಅದು ಅವರ ಮನೆಯ ಒಳಗಿನ ಮಾತು.

ಬೆಳಿಗ್ಗೆ ಎಲ್ಲರೂ ಮುಖ ತೊಳೆದು ಕುಳಿತಾಗ ಅಜ್ಜಿಯ ಮಣಿಕಟ್ಟಿನ ಮೇಲೆ, ಬಳೆಯ ಪಕ್ಕದಲ್ಲೇ, ಸಾಲಾಗಿ ಕೆಂಪು ದದ್ದುಗಳೆದ್ದಿದ್ದವು. ಎಷ್ಟು ಕಾದರೂ ಒಂದೆರಡು ಕಾವಲು ತಪ್ಪಿಸಿಕೊಂಡಿದ್ದವು. ಶಾಂತಮ್ಮ ಅದನ್ನು ನೋಡಿದರು. ಉಪ್ಪಿಟ್ಟಿನ ತಟ್ಟೆಯನ್ನು ಮುಂದಿಟ್ಟರು.

"ನಿದ್ದೆ ಬಂತಾ ಅಜ್ಜಿ?"

"ಎಲ್ಲಿ ನಿದ್ದೆ," ಎಂದಳು ಅಜ್ಜಿ. "ನಿದ್ದೆ ಮಾಡಾಕೆ ನಮ್ಮೂರಲ್ಲಿ ಜಾಗ ಇರ್ಲಿಲ್ವಾ? ಅಷ್ಟು ದೂರದಿಂದ ಬಸ್ಸಿಗೆ ಬಂದೆ."

"ಈ ಸಲ ಸೊಳ್ಳೆ ಭಾಳ..."

"ಸೊಳ್ಳೆನ ಯಾರಾದ್ರೂ ದಿಂಬಿನ ಕೆಳಗೆ ಹುಡುಕ್ತಾರೇನು ತಂಗಿ?"

ರುದ್ರಪ್ಪನವರು ಏನೂ ತಿಳಿಯದೆ ಒಬ್ಬೊಬ್ಬರ ಮುಖ ನೋಡಿದರು. ಮಂಜು ಎದ್ದು ನಿಂತ.

"ತಿಗಣೆ ಅದಾವೆ ಅಜ್ಜಿ ನಮ್ಮನೇಲಿ," ಎಂದ. "ಅವ್ವಂದೇನೂ ತಪ್ಪಿಲ್ಲ. ದಿನಾ ಗುಡಿಸಿ ಸಾರಿಸಿ ಮಾಡ್ತಾಳೆ. ಆದ್ರೂ ಅದಾವೆ."

"ಕುಂದ್ರಪ್ಪ," ಎಂದಳು ಅಜ್ಜಿ. ಅವನು ಕುಳಿತ.

"ನನ್ನ ಮಗಳನ್ನ ಕೊಟ್ಟಿದ್ವಲ್ಲ, ಈ ಸುಮನ ತಾಯಿನ. ಹಗಲು ಹೋಗಿ ಮನೆ ನೋಡ್ಕೊಂಡು ಬಂದಿದ್ವಿ. ಹಗಲೆಲ್ಲ ದೇವ್ರಂಥ ಮಂದಿ. ಕತ್ತಲಾದ್ರೆ ಬೇರೆನೇ ಗಂಟಲು ಅವ್ರಿಗೆ. ನಮಗೆ ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು." ಸ್ವಲ್ಪ ಹೊತ್ತು ಬಳೆ ಸರಿಮಾಡಿಕೊಂಡಳು. "ಅದಕ್ಕೆ ನಾನು ಮಲಗಾಕೆ ಬರಲ್ಲ, ಕೇಳಾಕೆ ಬರ್ತೀನಿ. ಕಣ್ಣು ಮುಚ್ಕೊಂಡು ಕೇಳ್ತಾ ಇರ್ತೀನಿ. ಆ ಹೊತ್ತಲ್ಲಿ, ನಿದ್ದೆಗೆಟ್ಟು ಬೇಸತ್ತ ಹೊತ್ತಲ್ಲಿ, ಮನೆ ಗಂಡಸು ಮನೆ ಹೆಂಗಸಿಗೆ ಹೆಂಗೆ ಮಾತಾಡ್ತಾನೆ ಅಂತ."

ಶಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

"ಇವನು ಗದರ್ತಾನೆ ಈಗ, ಗದರ್ತಾನೆ ಈಗ ಅಂತ ಕಾದೆ. ನಿನ್ನಿಂದ್ಲೇ ಹಿಂಗಾತು ಅಂತಾನೆ ಅಂತ ಕಾದೆ. ಸೆರಗು ಹೊದ್ಕೋ ಅಂದ." ಅಜ್ಜಿ ನಕ್ಕಳು, ಹಲ್ಲು ಬಹಳ ಇರಲಿಲ್ಲ. "ಒಂದ್ಸಲ ನಾನು ಬೇಕಂತ್ಲೇ ಹೊರಳಿದೆ. ಇಬ್ರೂ ಉಸಿರು ಹಿಡ್ಕೊಂಡು ಕಳ್ಳರಂಗೆ ಕುಂತ್ರಲ್ಲ, ನಗು ತಡಿಯಾಕಾಗ್ಲಿಲ್ಲ ನಂಗೆ. ಮುಸುಕು ಎಳ್ಕೊಂಡೆ."

"ಕಚ್ಚಿದ್ವಲ್ಲ ಅಜ್ಜಿ," ಎಂದರು ಶಾಂತಮ್ಮ, ಅಳುತ್ತಲೋ ನಗುತ್ತಲೋ.

"ಕಚ್ಚಲಿ ಬಿಡು, ನಮ್ಮನೇಲಿ ಕಚ್ಚಲ್ವಾ? ಗದ್ದೆ ಸೀಮೆ ನಮ್ದು, ಸೊಳ್ಳೆ ಹೆಸ್ರು ಹೇಳಾಕೆ ಭಾಳ ಅನುಕೂಲ. ನಾವೂ ಸೊಳ್ಳೆ ಅಂತೀವಿ."

"ಅವ್ವಾ," ಎಂದರು ರುದ್ರಪ್ಪ, ಮನೆತನದ ಗುಟ್ಟು ರಟ್ಟಾದ ಸಂಕಟದಲ್ಲಿ.

"ನೀನು ಸುಮ್ನಿರು. ನೀನೊಬ್ನೇ ನಿದ್ದೆ ಮಾಡಿದ್ದು," ಎಂದು ಅಜ್ಜಿ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. "ಹುಡುಗಿಗೆ ಹೋಗಿ ಹೇಳ್ತೀನಿ. ನಾನು ಕೇಳಿದ್ದು ಕೇಳಿದಂಗೆ ಹೇಳ್ತೀನಿ, ತಿಗಣೆದೂ ಹೇಳ್ತೀನಿ. ಹೂಂ ಅನ್ನೋದು ಉಹೂಂ ಅನ್ನೋದು ಅವಳದ್ದು."

ಆಮೇಲಿನ ದಿನಗಳಲ್ಲಿ ಮಂಜು ಅಂಗಡಿಯಲ್ಲಿ ಎಷ್ಟು ಮೋಟರಿಗೆ ತಪ್ಪು ಸುತ್ತು ಸುತ್ತಿದನೋ ಗೊತ್ತಿಲ್ಲ. ಶಾಂತಮ್ಮ ಫೋನನ್ನು ದೇವರ ಗೂಡಿನಲ್ಲೇ ಇಟ್ಟುಬಿಟ್ಟಿದ್ದರು, ನೇರ ಸಂಪರ್ಕಕ್ಕೆ ಅನುಕೂಲವಾಗಲಿ ಎಂದು. ಕೊನೆಗೆ ಕರೆ ಬಂದದ್ದು ಮಂಜುವಿನ ಫೋನಿಗೆ, ಹುಡುಗಿಯಿಂದಲೇ. ಮೆಟ್ಟಿಲ ಮೇಲೆ ಕುಳಿತು ಮಾತಾಡಿದ. ಅವನ ಪಾಲಿನ ಸಂಭಾಷಣೆ "ಹೂಂ", "ಆತು", "ಹೂಂ ಹೂಂ" ಎಂಬಷ್ಟೇ ಇದ್ದುದರಿಂದ ಮೇಲೆ ನಿಂತಿದ್ದ ನನಗೂ ಕೆಳಗೆ ನಿಂತಿದ್ದ ಅವನ ತಾಯಿಗೂ ಏನೂ ತಿಳಿಯಲಿಲ್ಲ.

"ಏನಂದ್ಲೋ?" ಎಂದರು ಶಾಂತಮ್ಮ, ಫೋನ್ ಇಟ್ಟ ಕೂಡಲೇ.

"ಒಪ್ಪಿಗೆ ಅಂತೆ." ಅವನು ಗೋಡೆ ನೋಡುತ್ತಾ ಅಂದ. "ಆದ್ರೆ ತಾನು ಬರೋದ್ರೊಳಗೆ ಮಂಚಕ್ಕೆ ಒಂದು ಗತಿ ಕಾಣಿಸ್ಬೇಕಂತೆ. ಮುಚ್ಚಿಟ್ರೆ ಹೆಚ್ಚಾಗ್ತವೆ ಅಂದ್ಲು."

ಮಳೆ ಹಿಂದಕ್ಕೆ ಸರಿದು, ನವರಾತ್ರಿಗೆ ಮುಂಚಿನ ಆ ಚುರುಕು ಬಿಸಿಲು ಬಂದ ಮೊದಲ ದಿನ ಅದು ಭಾನುವಾರವಾಗಿತ್ತು. ನಾನು ಚನ್ನಗಿರಿಗೆ ಹೋಗದೆ ಉಳಿದಿದ್ದೆ. ಬೆಳಗಾಗುತ್ತಲೇ ಶಾಂತಮ್ಮ ಬಚ್ಚಲ ಹಂಡೆಗೆ ಉರಿ ಹಾಕಿದರು. ಆಮೇಲೆ ಬೀದಿ ಬಾಗಿಲಿನ ಎರಡೂ ಕದ ತೆರೆದು, "ಹಿಡೀರಿ ಡಾಕ್ಟ್ರೇ," ಎಂದರು. ನಾನೂ ಮಂಜುವೂ ಗಿಣಿ ಮಂಚವನ್ನು ಅಡ್ಡ ಮಾಡಿ, ಹೊಸ್ತಿಲು ದಾಟಿಸಿ, ನಟ್ಟನಡು ಬೀದಿಯಲ್ಲಿ ಇಳಿಸಿದೆವು. ಶಾಂತಮ್ಮ ಬಕೆಟ್ಟಿನಲ್ಲಿ ಕುದಿಯುವ ನೀರು ತಂದು ತಲೆಯ ಕಡೆಯಿಂದ ಸುರಿಯತೊಡಗಿದರು. ಹಬೆ ಎದ್ದಿತು; ಆ ವಾಸನೆಯೂ ಎದ್ದಿತು.

ಎದುರು ಜಗುಲಿಯಲ್ಲಿ ಸಾವಿತ್ರಮ್ಮನವರ ಕೈ ಮೆಂತ್ಯ ಸೊಪ್ಪಿನಲ್ಲಿ ನಿಂತಿತು.

"ಏನ್ ಶಾಂತಕ್ಕ, ಮಂಚ ಹೊರಗೆ ಬಂದೈತಲ್ಲ?"

"ತಿಗಣೆ," ಎಂದರು ಶಾಂತಮ್ಮ, ಬೀದಿಯ ಎರಡೂ ತುದಿಗೆ ಕೇಳುವಂತೆ. ಆ ಮಳೆಗಾಲದಲ್ಲಿ ಅವರ ಬಾಯಿಂದ ನಾನು ಆ ಶಬ್ದ ಕೇಳಿದ್ದು ಅದೇ ಮೊದಲು. "ತಿಗಣೆ ಆಗ್ಯಾವೆ ಸಾವಿತ್ರಿ. ಹಂಡೆ ತುಂಬ ನೀರು ಕಾದೈತೆ. ನಿಂದೂ ಇದ್ರೆ ತಗೊಂಡು ಬಾ."

"ನಮ್ಮನೇಲೆಲ್ಲಿ..." ಎಂದು ಸಾವಿತ್ರಮ್ಮ ಶುರು ಮಾಡಿದರು. ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಸೊಪ್ಪು ಕೆಳಗಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆ ಮನೆಯೊಳಗಿಂದ ನೆಲದ ಮೇಲೆ ಏನೋ ಭಾರವಾದದ್ದನ್ನು ಎಳೆಯುವ ಸದ್ದು ಬಂತು. ಮೊದಲು ಮಂಚದ ಕಾಲು ಕಾಣಿಸಿತು, ಆಮೇಲೆ ಮಂಚ, ಅದರ ಹಿಂದೆ ಮಂಚಕ್ಕಿಂತ ಬಿಗಿದುಕೊಂಡ ಮುಖದ ಅವರ ಯಜಮಾನರು. ಅದನ್ನು ನೋಡಿ ಮೂರನೆಯ ಮನೆಯ ಬಾಗಿಲು ತೆರೆಯಿತು. ಆಮೇಲೆ ಮೂಲೆಯ ಮನೆಯವರು ಎರಡು ಮಂಚ, ಒಂದು ಬೆಂಚು ತಂದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನೀರು ಸಾಲದೆ ಇನ್ನೆರಡು ಮನೆಯ ಒಲೆ ಹೊತ್ತಿತು.

ಮಧ್ಯಾಹ್ನದ ಹೊತ್ತಿಗೆ ಒಂದು ಆಟೋ ತಿರುವಿನಲ್ಲಿ ಬಂದು ನಿಂತಿತು. ಹಾರ್ನ್ ಹೊಡೆದ ಡ್ರೈವರ್ ತಲೆ ಹೊರಗೆ ಹಾಕಿ ನೋಡಿದ.

"ಏನ್ರವ್ವ ಸಮಾಚಾರ? ಬೀದಿ ತುಂಬ ಮಂಚ?"

ಶಾಂತಮ್ಮ ಬಕೆಟ್ ಕೆಳಗಿಡದೆ, ಹಬೆಯೊಳಗಿಂದಲೇ ಹೇಳಿದರು:

"ಮಗನ ಮದುವೆ ಐತಪ್ಪ. ಆ ಕಡೆಯಿಂದ ಸುತ್ತಿ ಹೋಗು."